ಕಾಟಾದ ಮುಂದಿನ ಸಾಲು ಮತ್ತು ಜಾವಾದ ಮಹಿಮೆ

ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದು ತನ್ನ ಕಬ್ಬಿನ ತೂಕದ ಚೀಟಿಯ ತಂತ್ರಾಂಶವನ್ನು ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ನಿಂತ ರೂಬಿ ಆನ್ ರೈಲ್ಸ್ (ಚುಟುಕಾಗಿ ರೈಲ್ಸ್) ಎಂಬ ಚೌಕಟ್ಟಿನಿಂದ ಜಾವಾ ಎಂಬ ಇನ್ನೊಂದು ಭಾಷೆಗೆ ಬದಲಿಸಿತು. ಹೊಸ ಸರ್ವರ್‌ಗೆ ಅರಿಸಿನ ಕುಂಕುಮ ಬಿತ್ತು, ಕೋಣೆಯ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು, ಅಮಾವಾಸ್ಯೆ ಕಳೆಯಲಿ ಎಂದು ಚಾಲನೆಯನ್ನು ಮುಂದಕ್ಕೆ ಹಾಕಿದರು. ನಿಂಬೆಹಣ್ಣಿನಿಂದ ಸರ್ವರ್ ಕೆಡುವುದಿಲ್ಲ. ಕುಂಕುಮದ ಪುಡಿ ಫ್ಯಾನಿನೊಳಗೆ ಹೋದರೆ ಕೆಡಬಹುದು. ಆದರೆ ನನಗೆ ಹೆಚ್ಚು ಸಿಟ್ಟು ಬರಿಸುವ ಮೂಢನಂಬಿಕೆ ಬೇರೆಯೇ ಇದೆ, ಅದನ್ನು ಹರಡುವವರು ಇಂಜಿನಿಯರುಗಳೇ: ‘ರೂಬಿ ಮಂದ, ಜಾವಾ ಗಟ್ಟಿ, ಬದಲಿಸಿದರೆ ಎಲ್ಲ ಸರಿಹೋಗುತ್ತದೆ.’

ರೈಲ್ಸ್ ಅನ್ನು ಡೇವಿಡ್ ಹೈನಮೈಯರ್ ಹ್ಯಾನ್ಸನ್ 2004ರಲ್ಲಿ ಬಿಡುಗಡೆ ಮಾಡಿದಾಗ ಅದರ ಆಕರ್ಷಣೆಯೆಲ್ಲ ವೇಗದಲ್ಲಿತ್ತು. ಓಡುವ ವೇಗದಲ್ಲಲ್ಲ, ಕಟ್ಟುವ ವೇಗದಲ್ಲಿ. ಕಾರ್ಖಾನೆಯ ತಂತ್ರಾಂಶವನ್ನೂ ಇಬ್ಬರು ಸ್ಥಳೀಯ ತರುಣರು ನುರಿಸುವ ಹಂಗಾಮು ಶುರುವಾಗುವ ಮೊದಲೇ ಕಟ್ಟಿ ಮುಗಿಸಿದ್ದರು. ಮೊದಲ ವರ್ಷ ದೂರೇ ಇರಲಿಲ್ಲ. ಎರಡನೆಯ ವರ್ಷ ಆಡಳಿತ ಮಂಡಳಿಗೆ ಹುರುಪು ಬಂತು: ತೂಕವಾದ ಕೂಡಲೇ ರೈತರಿಗೆ ಎಸ್‌ಎಂಎಸ್ ಹೋಗಬೇಕು, ಅವರು ಬಿಲ್ಲನ್ನು ಮೊಬೈಲ್‌ನಲ್ಲೇ ನೋಡಬೇಕು. ಡಿಸೆಂಬರ್ ಹೊತ್ತಿಗೆ ಸಂಜೆಯಾದರೆ ಪರದೆ ಕಲ್ಲಾಗತೊಡಗಿತು. ವಿಚಿತ್ರವೆಂದರೆ, ಆಗ ಸರ್ವರ್‌ನ ಸಿಪಿಯು ಬಹುತೇಕ ಕೈಕಟ್ಟಿ ಕುಳಿತಿರುತ್ತಿತ್ತು. ಭಾಷೆ ಮಂದವಾಗಿದ್ದರೆ ಸಿಪಿಯು ಏದುಸಿರು ಬಿಡಬೇಕಿತ್ತಲ್ಲ?

ಉತ್ತರ ಕಾರ್ಖಾನೆಯ ಗೇಟಿನಲ್ಲೇ ಇತ್ತು. ಕಾಟಾದ ಮೇಲೆ ಒಂದು ಟ್ರ್ಯಾಕ್ಟರ್ ತೂಗಲು ಸರಾಸರಿ 3 ನಿಮಿಷ ಎಂದಿಟ್ಟುಕೊಳ್ಳಿ. ಟ್ರ್ಯಾಕ್ಟರುಗಳು ಹೇಳಿಕೇಳಿ ಬರುವುದಿಲ್ಲ. ಒಮ್ಮೆ ನಾಲ್ಕು ಒಟ್ಟಿಗೆ, ಒಮ್ಮೆ ಒಂದೂ ಇಲ್ಲ. ತೂಗುವ ಹೊತ್ತೂ ಒಂದೇ ಸಮನಲ್ಲ. ಕಾಟಾ ದಿನದ ಅರ್ಧ ಹೊತ್ತು ಕೆಲಸದಲ್ಲಿದ್ದರೆ ಒಂದು ಟ್ರ್ಯಾಕ್ಟರ್ ಸಾಲಿನಲ್ಲಿ ಸರಾಸರಿ 3 ನಿಮಿಷ ಕಾಯುತ್ತದೆ. ಶೇ 80ರಷ್ಟು ಹೊತ್ತು ಕೆಲಸದಲ್ಲಿದ್ದರೆ 12 ನಿಮಿಷ. ಶೇ 90ಕ್ಕೆ 27. ಶೇ 95ಕ್ಕೆ 57 ನಿಮಿಷ! ಕೆಲಸ ಹೆಚ್ಚಿದ್ದು ಚೂರೇ ಚೂರು, ಕಾಯುವುದು ಇಮ್ಮಡಿಗಿಂತ ಹೆಚ್ಚು. ಕಡಿದ ಕಬ್ಬು ಒಣಗುತ್ತ ತೂಕ ಕಳೆದುಕೊಳ್ಳುತ್ತದೆ, ದುಡ್ಡು ಸಿಗುವುದು ಟನ್ ಲೆಕ್ಕದಲ್ಲಿ. ಈ ಗಣಿತದ ಬಿಸಿ ರೈತನಿಗೆ ಯಾವ ಪ್ರಾಧ್ಯಾಪಕನಿಗಿಂತಲೂ ಚೆನ್ನಾಗಿ ತಟ್ಟಿರುತ್ತದೆ.

ಈ ಲೆಕ್ಕದ ಬೇರು ಡೆನ್ಮಾರ್ಕ್‌ನಲ್ಲಿದೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗ್ 1909ರಲ್ಲಿ ಫೋನ್ ಕರೆಗಳು ಬರುವ ರೀತಿಗೆ ಸಂಭವನೀಯತೆಯ ಗಣಿತ ಹಚ್ಚಿದ. 1917ರಲ್ಲಿ, ಇಷ್ಟು ಲೈನುಗಳಿದ್ದರೆ ಎಷ್ಟು ಕರೆಗಳು ತಪ್ಪುತ್ತವೆ, ಎಷ್ಟು ಹೊತ್ತು ಕಾಯಬೇಕು ಎಂಬುದಕ್ಕೆ ಸೂತ್ರಗಳನ್ನೇ ಕೊಟ್ಟ. ದೂರವಾಣಿ ದಟ್ಟಣೆ ಅಳೆಯುವ ಮಾನಕ್ಕೆ ಇಂದಿಗೂ ಅವನದೇ ಹೆಸರು. ಕಂಪ್ಯೂಟರ್ ಹುಟ್ಟುವ ಮೊದಲೇ ಸರ್ವರ್ ಯಾಕೆ ಕುಸಿಯುತ್ತದೆಂದು ಬರೆದಿಟ್ಟು ಹೋದವನು ಅವನು.

ಈಗ ತಂತ್ರಾಂಶಕ್ಕೆ ಬರೋಣ. ಹಳೆಯ ರೈಲ್ಸ್ ವ್ಯವಸ್ಥೆಯಲ್ಲಿ ಎಂಟು ಪ್ರೊಸೆಸ್‌ಗಳಿದ್ದವು (ಓಡುತ್ತಿರುವ ತಂತ್ರಾಂಶದ ಎಂಟು ಪ್ರತಿಗಳು) ಎನ್ನಿ, ಪ್ರತಿಯೊಂದೂ ಒಂದು ಹೊತ್ತಿಗೆ ಒಂದೇ ಕೋರಿಕೆಯನ್ನು ನೋಡಿಕೊಳ್ಳುತ್ತದೆ. ಚೀಟಿ ಬರೆಯಲು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಸಾಕು. ಎಂಟೂ ಸೇರಿ ಸೆಕೆಂಡಿಗೆ 160 ಚೀಟಿ ಬರೆಯಬಲ್ಲವು. ಆದರೆ ಚೀಟಿ ಬರೆದ ಮೇಲೆ ಅದೇ ಪ್ರೊಸೆಸ್ ಎಸ್‌ಎಂಎಸ್ ಕಂಪನಿಯ ಉತ್ತರಕ್ಕಾಗಿ 2 ಸೆಕೆಂಡ್ ಕಾದರೆ 160 ಇದ್ದದ್ದು 4ಕ್ಕೆ ಇಳಿಯುತ್ತದೆ. ಸಂಜೆ ಆ ಕಂಪನಿಯ ಸರ್ವರ್ ಮಂದವಾಗಿ 20 ಸೆಕೆಂಡ್ ಹಿಡಿದರೆ, ಎರಡೂವರೆ ಸೆಕೆಂಡಿಗೊಂದು ಕೋರಿಕೆ ಮುಗಿದರೆ ಪುಣ್ಯ. ಬಿಲ್ ನೋಡಲು ಮೊಬೈಲ್ ತೆರೆದ ರೈತರೂ ಇದೇ ಸಾಲಿನಲ್ಲಿ ನಿಂತಿರುತ್ತಾರೆ. ಪ್ರೊಸೆಸ್‌ಗಳೆಲ್ಲ ಭರ್ತಿ, ಸಿಪಿಯು ಖಾಲಿ.

ಜಾವಾ ತಂಡ ಚೀಟಿಯನ್ನು ದತ್ತಸಂಚಯಕ್ಕೆ (ಡೇಟಾಬೇಸ್‌ಗೆ) ಬರೆದು, ಎಸ್‌ಎಂಎಸ್ ಕೆಲಸವನ್ನು ಪ್ರತ್ಯೇಕ ಸಂದೇಶ ಸರದಿಗೆ (ಆಮೇಲೆ ಮಾಡುವ ಕೆಲಸಗಳ ಸಾಲಿಗೆ) ಹಾಕಿ, ಕಾಟಾದ ಗುಮಾಸ್ತರಿಗೆ ತಕ್ಷಣ ‘ಆಯಿತು’ ಎಂದು ಹೇಳಿಸಿತು. ಎಸ್‌ಎಂಎಸ್ ಐದು ನಿಮಿಷ ತಡವಾಗಿ ಹೋದರೆ ಯಾರ ಗಂಟೂ ಹೋಗುವುದಿಲ್ಲ. ನನ್ನ ಲೆಕ್ಕದಲ್ಲಿ ಗುಣವಾದದ್ದರಲ್ಲಿ ಹೆಚ್ಚಿನ ಪಾಲು ಇದರದೇ. ಇದೇ ಕೆಲಸಕ್ಕೆ ರೂಬಿಯಲ್ಲಿ 2012ರಿಂದ ಸೈಡ್‌ಕಿಕ್ ಎಂಬ ತಂತ್ರಾಂಶ ಇದೆ, ಹಚ್ಚಿಕೊಳ್ಳಬೇಕಿತ್ತಷ್ಟೆ. ಉದ್ಯಮ ಮಟ್ಟದ ಜಾವಾದಲ್ಲಿ ಸಂದೇಶ ಸರದಿಗೆ ಎರಡು ದಶಕಗಳಿಂದ ನಿಗದಿತ ಜಾಗವಿದೆ, ಹಾಗಾಗಿ ವಿನ್ಯಾಸದ ಮೊದಲ ದಿನವೇ ಯಾರಾದರೂ ‘ಇದು ಸರದಿಗೋ?’ ಎಂದು ಕೇಳುತ್ತಾರೆ. ಜಾವಾದ ನೇರ ಲಾಭಗಳೂ ಸುಳ್ಳಲ್ಲ. ಜಾವಾ ಕೋಡನ್ನು ಓಡಿಸುವ ತಂತ್ರಾಂಶವಾದ ‘ಜಾವಾ ಯಂತ್ರ’ ಪದೇ ಪದೇ ಓಡುವ ಭಾಗವನ್ನು ಗುರುತಿಸಿ, ಓಡುತ್ತಿರುವಾಗಲೇ ಯಂತ್ರಭಾಷೆಗೆ ಇಳಿಸುತ್ತದೆ. ಥ್ರೆಡ್‌ಗಳು (ಒಂದೇ ಪ್ರೊಸೆಸ್‌ನೊಳಗಿನ ಕೆಲಸದ ಎಳೆಗಳು) ಸಿಪಿಯುವಿನ ಎಲ್ಲ ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಮೇಲೆ ಏಕಕಾಲಕ್ಕೆ ಓಡುತ್ತವೆ. ಸಾಮಾನ್ಯ ರೂಬಿಯಲ್ಲಿ ಒಂದು ಪ್ರೊಸೆಸ್‌ನೊಳಗೆ ಒಂದು ಹೊತ್ತಿಗೆ ಒಂದೇ ಥ್ರೆಡ್‌ಗೆ ರೂಬಿ ಓಡಿಸುವ ಸರದಿ.

ಟ್ವಿಟರ್ ಕಥೆಯನ್ನು ಎಲ್ಲರೂ ಸಾಕ್ಷಿಗೆ ಎಳೆದು ತರುತ್ತಾರೆ. ರೈಲ್ಸ್‌ನಲ್ಲಿ ಹುಟ್ಟಿ, ಮೇಲಿಂದ ಮೇಲೆ ಕುಸಿದು, ಜಾವಾ ಯಂತ್ರಕ್ಕೆ ವಲಸೆ ಹೋದ ಮೇಲೆ 2013ರ ಆಗಸ್ಟ್‌ನಲ್ಲಿ ಒಂದೇ ಸೆಕೆಂಡಿನಲ್ಲಿ 1,43,199 ಟ್ವೀಟ್‌ಗಳನ್ನು ಮುಗ್ಗರಿಸದೆ ತಾಳಿಕೊಂಡಿತು. ಆದರೆ ಅವರು ಮೊದಮೊದಲು ಸಾಗಿಸಿದ ಭಾಗಗಳಲ್ಲಿ ಸಂದೇಶ ಸರದಿಯೂ ಒಂದು ಎಂಬುದನ್ನು ಯಾರೂ ಹೇಳುವುದಿಲ್ಲ. ಆನ್‌ಲೈನ್ ಅಂಗಡಿಗಳ ಶಾಪಿಫೈ, ಕೋಡ್ ಇಡುವ ಗಿಟ್‌ಹಬ್ ಇಂದಿಗೂ ರೈಲ್ಸ್ ಮೇಲೇ ನಿಂತಿವೆ ಎಂಬುದನ್ನಂತೂ ಮರೆತೇಬಿಡುತ್ತಾರೆ.

ಬದಲಾವಣೆಗೆ ಬೆಲೆಯೂ ಇದೆ. ಸುಟ್ಟ ಕಬ್ಬಿಗೆ ಚೀಟಿಯಲ್ಲಿ ಬೇರೆ ಕಾಲಂ ಬೇಕೆಂದು ಕಾಟಾದವರು ಕೇಳಿದರು. ಹಳೆಯ ತರುಣರಿಗೆ ಅದು ಒಂದು ಮಧ್ಯಾಹ್ನದ ಕೆಲಸ. ಈಗ ದತ್ತಸಂಚಯದ ವಿನ್ಯಾಸ, ಮೂರು ಪದರದ ಕೋಡ್, ಪರೀಕ್ಷೆ, ಅನುಮೋದನೆ ಎಲ್ಲ ದಾಟಿ ಬರಬೇಕು. ಅದು ಮುಂದಿನ ಹಂಗಾಮಿನ ಪಟ್ಟಿಯಲ್ಲಿದೆ. ಸದ್ಯಕ್ಕೆ ಗುಮಾಸ್ತರು ಚೀಟಿಯ ಹಿಂದೆ ಪೆನ್ನಿನಲ್ಲಿ ‘ಸುಟ್ಟದ್ದು’ ಎಂದು ಬರೆದು ಸಹಿ ಹಾಕುತ್ತಿದ್ದಾರೆ.