12 ವೋಲ್ಟ್ ಅಂತ ಸದರ ಬೇಡ: ದೋಣಿಯಲ್ಲಿ ಸ್ಟೀರಿಯೊ ಕೂರಿಸುವ ಮುನ್ನ

12 ವೋಲ್ಟ್ ಬ್ಯಾಟರಿಯ ಎರಡೂ ಟರ್ಮಿನಲ್‌ಗಳನ್ನು ಒಣಗೈಯಲ್ಲಿ ಹಿಡಿದುಕೊಳ್ಳಿ. ಏನೂ ಆಗುವುದಿಲ್ಲ. ಮನೆಯ 230 ವೋಲ್ಟಿಗೆ ಹೆದರುವವರೂ ದೋಣಿಯ ವೈರಿಂಗಿಗೆ ಸಲೀಸಾಗಿ ಕೈ ಹಾಕುವುದು ಇದೇ ಧೈರ್ಯದಿಂದ. ಈಗ ಅದೇ ಟರ್ಮಿನಲ್‌ಗಳ ಮೇಲೆ ಒಂದು ಸ್ಪ್ಯಾನರ್ ಅಡ್ಡ ಬೀಳಲಿ. ಚಟ್ ಅಂತ ಕಿಡಿ ಹಾರುತ್ತದೆ. ಸ್ಪ್ಯಾನರ್ ಅಲ್ಲೇ ಬೆಸೆದುಕೊಂಡು ಕೆಂಪಗೆ ಕಾಯಲೂಬಹುದು.

ಎರಡಕ್ಕೂ ಬ್ಯಾಟರಿ ಒಂದೇ. ವ್ಯತ್ಯಾಸ ಇರುವುದು ರೋಧದಲ್ಲಿ, ಅಂದರೆ ಕರೆಂಟಿನ ಹರಿವಿಗೆ ಎದುರಾಗುವ ಅಡ್ಡಿಯಲ್ಲಿ. ಒಣ ಚರ್ಮದ ರೋಧ ಸಾವಿರಾರು ಓಮ್, ಹಾಗಾಗಿ 12 ವೋಲ್ಟಿನ ಆಟ ಅಲ್ಲಿ ನಡೆಯುವುದಿಲ್ಲ. ಸ್ಪ್ಯಾನರಿಗೆ ರೋಧವೇ ಇಲ್ಲ ಅನ್ನಬೇಕು. ಬ್ಯಾಟರಿಯ ಒಳಗಿನ ರೋಧವೂ 0.01 ಓಮ್ ಆಸುಪಾಸು ಅಷ್ಟೇ. 12ನ್ನು 0.01ರಿಂದ ಭಾಗಿಸಿ ನೋಡಿ: 1200 ಆಂಪಿಯರ್! ಮನೆಯ ಮೇನ್ ಸ್ವಿಚ್ ಕೂಡ ಅಷ್ಟು ಕರೆಂಟನ್ನು ಎಂದೂ ಕಂಡಿರುವುದಿಲ್ಲ.

ಸ್ಪ್ಯಾನರ್ ಬಿದ್ದರೆ ಕಣ್ಣಿಗೆ ಕಾಣುತ್ತದೆ. ವಯರ್ ಸವೆಯುವುದು ಕಾಣುವುದಿಲ್ಲ. ದೋಣಿಯಲ್ಲಿ ಎಂಜಿನ್ ಸದಾ ನಡುಗುತ್ತಿರುತ್ತದೆ, ಅಲೆ ಬಡಿಯುತ್ತಿರುತ್ತದೆ. ಹಲಗೆಯ ತೂತಿನ ಅಂಚಿಗೆ ಉಜ್ಜಿ ಉಜ್ಜಿ ಪ್ಲಸ್ ವಯರಿನ ಸಿಪ್ಪೆ ಹೋಯಿತು ಅಂದುಕೊಳ್ಳಿ. ಒಳಗಿನ ತಾಮ್ರ ಪಕ್ಕದ ಮೈನಸ್ ವಯರಿಗೋ ಎಂಜಿನ್ನಿನ ಲೋಹಕ್ಕೋ ತಾಗಿತು. ಕೆಲವೇ ಕ್ಷಣಗಳಲ್ಲಿ ಇಡೀ ವಯರ್ ಹೀಟರಿನ ಕಾಯಿಲ್ ಆಗುತ್ತದೆ. ಸುತ್ತ ಇರುವುದು ಮರ, ಫೈಬರ್, ಬಲೆಯ ನೈಲಾನ್, ಪೆಟ್ರೋಲ್ ಕ್ಯಾನು.

"ಸ್ಟೀರಿಯೊ ಹಿಂದೇನೇ ಫ್ಯೂಸ್ ಇದೆಯಲ್ವಾ?" ಅನ್ನುತ್ತಾರೆ. ಇದೆ. ಆದರೆ ಅದು ಕಾಯುವುದು ಸ್ಟೀರಿಯೊವನ್ನು. ವಯರ್ ನಡುವೆ ಶಾರ್ಟ್ ಆದರೆ ಕರೆಂಟು ಆ ಫ್ಯೂಸಿನ ತನಕ ಬರುವುದೇ ಇಲ್ಲ, ದಾರಿಯಲ್ಲೇ ತಿರುಗಿ ಬ್ಯಾಟರಿಗೆ ಮರಳುತ್ತದೆ. ಆದ್ದರಿಂದ ಪ್ಲಸ್ ವಯರಿಗೆ ಇನ್ನೊಂದು ಫ್ಯೂಸ್ ಬೇಕು, ಅದೂ ಬ್ಯಾಟರಿಯ ಪಕ್ಕದಲ್ಲೇ. ಸಣ್ಣ ದೋಣಿಗಳಿಗೆ ಮಾನದಂಡ ಬರೆಯುವ ಅಮೆರಿಕದ ಎಬಿವೈಸಿ ಸಂಸ್ಥೆ ಸಾಮಾನ್ಯವಾಗಿ ಹೇಳುವ ಅಂತರ 7 ಇಂಚು, ಅಂದರೆ ಒಂದು ಗೇಣಿಗೂ ಕಡಿಮೆ. ಬ್ಯಾಟರಿಯಿಂದ ಫ್ಯೂಸಿನವರೆಗಿನ ತುಂಡಿಗೆ ಯಾವ ಕಾವಲೂ ಇಲ್ಲವಲ್ಲ, ಅದು ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು. ಫ್ಯೂಸಿನ ಅಳತೆಯನ್ನೂ ವಯರ್ ನೋಡಿಯೇ ಆರಿಸಬೇಕು. ಪದೇ ಪದೇ ಹೋಗುತ್ತದೆ ಅಂತ 10ರ ಜಾಗಕ್ಕೆ 30 ಆಂಪಿಯರಿನದು ಸಿಕ್ಕಿಸುವುದು ಶುದ್ಧ ಹುಚ್ಚುತನ.

ಸ್ಟೀರಿಯೊಗೆ ನಿಜಕ್ಕೂ ಎಷ್ಟು ಕರೆಂಟು ಬೇಕು? ಡಬ್ಬದ ಮೇಲೆ '50 ವ್ಯಾಟ್ x 4' ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ಹಿಂದೆ ತಿರುಗಿಸಿ ನೋಡಿದರೆ 10 ಆಂಪಿಯರ್ ಫ್ಯೂಸ್. ಎಂಜಿನ್ ಓಡುವಾಗ ಸಿಗುವ 14.4 ವೋಲ್ಟಿಗೆ ಗುಣಿಸಿದರೂ ಒಳಗೆ ಹೋಗುವುದು 144 ವ್ಯಾಟ್. ಹೊರಗೆ 200 ಎಲ್ಲಿಂದ ಬರಬೇಕು? ಒಳಗೆ ಹೋದದ್ದರಲ್ಲೂ ಒಂದು ಪಾಲು ಬಿಸಿಯಾಗಿ ಹಾಳಾಗುತ್ತದೆ. ಡಬ್ಬವನ್ನು ಮರೆತು ಫ್ಯೂಸನ್ನು ನಂಬಿ. 10 ಆಂಪಿಯರ್ ಅಂತ ಲೆಕ್ಕ ಹಿಡಿಯೋಣ.

ಬ್ಯಾಟರಿಯಿಂದ ಸ್ಟೀರಿಯೊಗೆ 4 ಮೀಟರ್ ದೂರ ಇದ್ದರೆ, ಹೋಗಿ ಬರುವ ವಯರ್ 8 ಮೀಟರ್. ಮನೆಗೆ ಎಳೆಯುವ 1.5 ಸ್ಕ್ವೇರ್ ಎಂಎಂ ವಯರ್ ಹಾಕಿದರೆ ದಾರಿಯಲ್ಲೇ ಸುಮಾರು 0.9 ವೋಲ್ಟ್ ಸೋರಿಹೋಗುತ್ತದೆ. 230ರಲ್ಲಿ ಅದು ಲೆಕ್ಕಕ್ಕೇ ಇಲ್ಲ. 12ರಲ್ಲಿ ಜಾಸ್ತಿಯೇ ಆಯಿತು. ಬೇಸ್ ಹೊಡೆದಾಗೆಲ್ಲ ಸೆಟ್ ಆಫ್ ಆಗಿ ಮತ್ತೆ ಆನ್ ಆಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. 4 ಸ್ಕ್ವೇರ್ ಎಂಎಂ ಹಾಕಿದರೆ ನಷ್ಟ 0.35 ವೋಲ್ಟಿಗೆ ಇಳಿಯುತ್ತದೆ.

ಕಾರಿನ ಸೆಟ್ಟನ್ನೇ ದೋಣಿಗೆ ಹಾಕುವವರು ಜಾಸ್ತಿ. ಕಾರಿನಲ್ಲಿ ಮೈನಸ್ಸಿಗೆ ಬಾಡಿಯ ತಗಡೇ ದಾರಿ. ಮಲ್ಪೆ, ಗಂಗೊಳ್ಳಿ ಕಡೆಯ ಮರದ, ಫೈಬರಿನ ದೋಣಿಗಳಲ್ಲಿ ಅಂಥ ತಗಡಿಲ್ಲ, ಕಪ್ಪು ವಯರನ್ನೂ ಬ್ಯಾಟರಿಯ ಮೈನಸ್ಸಿನವರೆಗೆ ಎಳೆಯಬೇಕು. ಅಲ್ಯೂಮಿನಿಯಂ ದೋಣಿ ಇರುವವರು ಮೈ ಲೋಹದ್ದಲ್ವಾ ಅಂತ ಅಲ್ಲೇ ಮೈನಸ್ ಕಟ್ಟಬಾರದು. ಉಪ್ಪುನೀರಿನಲ್ಲಿ ದಾರಿ ತಪ್ಪಿ ಹರಿದ ಡಿಸಿ ಕರೆಂಟು ಲೋಹವನ್ನು ಕರಗಿಸುತ್ತದೆ, ತೂತು ಬೀಳುವವರೆಗೂ ಗೊತ್ತಾಗುವುದಿಲ್ಲ.

ಉಪ್ಪಿನ ಇನ್ನೊಂದು ಕಾಟ ಜಾಯಿಂಟುಗಳಲ್ಲಿ. ಬರೀ ಕೈಯಲ್ಲಿ ತಿರುಚಿ ಟೇಪ್ ಸುತ್ತಿದ ಜಾಯಿಂಟನ್ನು ಒಂದು ಮಳೆಗಾಲದ ನಂತರ ಬಿಚ್ಚಿ ನೋಡಿ, ತಾಮ್ರದ ಎಳೆಗಳ ಮೇಲೆ ಹಸಿರು ಪುಡಿ ಕೂತಿರುತ್ತದೆ. ಅದರಿಂದ ಬರೀ ಅರ್ಧ ಓಮ್ ರೋಧ ಸೇರಿಕೊಂಡಿತು ಅನ್ನಿ. 5 ಆಂಪಿಯರ್ ಹರಿದಾಗ 12.5 ವ್ಯಾಟ್ ಬಿಸಿ ಆ ಒಂದೇ ಚುಕ್ಕೆಯಲ್ಲಿ ಹುಟ್ಟುತ್ತದೆ. ಇಲ್ಲಿ ಫ್ಯೂಸ್ ಏನೂ ಮಾಡುವುದಿಲ್ಲ, ಯಾಕಂದ್ರೆ ಕರೆಂಟು ಮಿತಿಯೊಳಗೇ ಇದೆ. ಅಂದರೆ ಬೆಂಕಿಗೆ ಎರಡು ದಾರಿ, ಫ್ಯೂಸ್ ಅಡ್ಡ ನಿಲ್ಲುವುದು ಒಂದಕ್ಕೆ ಮಾತ್ರ. ಎರಡನೆಯದಕ್ಕೆ ಮದ್ದು ತವರ ಲೇಪಿಸಿದ ಸಣ್ಣ ಎಳೆಗಳ ವಯರ್, ಸರಿಯಾದ ಇಕ್ಕಳದಲ್ಲಿ ಒತ್ತಿದ ಲಗ್ (ವಯರಿನ ತುದಿಗೆ ಹಾಕುವ ಲೋಹದ ಕೊಂಡಿ), ಮೇಲೆ ಅಂಟು ಇರುವ ಹೀಟ್‌ಶ್ರಿಂಕ್ ಕೊಳವೆ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವಂಥದ್ದು). ಬರೀ ಬೆಸುಗೆ ಸಾಲದು. ಬೆಸುಗೆ ಹೀರಿಕೊಂಡ ಕಡೆ ವಯರ್ ಸೆಟೆದುಕೊಂಡು, ನಡುಕಕ್ಕೆ ಅದರ ಅಂಚಿನಲ್ಲೇ ತುಂಡಾಗುತ್ತದೆ.

ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳಕ್ಕೆ ಇಳಿದು ಕೂರುತ್ತದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಬರುವ ಹೈಡ್ರೋಜನ್ ಹಗುರ, ಮೇಲೆ ಏರುತ್ತದೆ. ಸ್ವಿಚ್ಚು, ಫ್ಯೂಸುಗಳನ್ನು ಮುಚ್ಚಿದ ಗೂಡಿನಲ್ಲಿ ಇಟ್ಟರೆ ಇವೆರಡರಲ್ಲಿ ಒಂದು ಅವುಗಳ ಕಿಡಿಗಾಗಿ ಕಾದು ಕೂತಿರುತ್ತದೆ. ಗಾಳಿಯಾಡುವ ಜಾಗ ನೋಡಿ.

ಇನ್ನು ದಿಕ್ಸೂಚಿ. ಸ್ಪೀಕರಿನ ಬೆನ್ನಿಗೆ ದಪ್ಪ ಅಯಸ್ಕಾಂತ ಇರುತ್ತದೆ, ಅದನ್ನು ದೂರ ಇಡಬೇಕು ಅಂತ ಎಲ್ಲರಿಗೂ ಹೊಳೆಯುತ್ತದೆ. ವಯರೂ ಮುಳ್ಳನ್ನು ತಿರುಗಿಸುತ್ತದೆ ಅನ್ನುವುದು ಹೊಳೆಯುವುದಿಲ್ಲ. ಡೆನ್ಮಾರ್ಕಿನ ಏರ್ಸ್ಟೆಡ್ 1820ರಲ್ಲಿ ಕಂಡದ್ದು ಅದನ್ನೇ: ಕರೆಂಟು ಹರಿಯುವ ತಂತಿಯ ಪಕ್ಕ ದಿಕ್ಸೂಚಿಯ ಮುಳ್ಳು ಅಲುಗುತ್ತದೆ. ಪ್ಲಸ್, ಮೈನಸ್ ಎರಡನ್ನೂ ಜಡೆಯಂತೆ ಹೆಣೆದು ಎಳೆದರೆ ಒಂದರ ಕಾಂತಬಲ ಇನ್ನೊಂದನ್ನು ಬಹುಮಟ್ಟಿಗೆ ಅಳಿಸುತ್ತದೆ. ಕೆಲಸ ಮುಗಿದ ಮೇಲೆ ದೋಣಿ ದಕ್ಕೆಯಲ್ಲಿ ಬಿಗಿಯಾಗಿ ಕಟ್ಟಿರುವಾಗಲೇ ವಾಲ್ಯೂಮ್ ಪೂರ್ತಿ ಏರಿಸಿ, ಸೆಟ್ಟನ್ನು ನಾಲ್ಕಾರು ಸಲ ಆನ್ ಆಫ್ ಮಾಡಿ, ಮುಳ್ಳನ್ನು ನೋಡುತ್ತಿರಿ. ಅದು ಅಲುಗಿದರೆ ಸ್ಪೀಕರನ್ನೋ ವಯರನ್ನೋ ಇನ್ನಷ್ಟು ದೂರ ಸರಿಸಿ.