ಮಣ್ಣೆತ್ತು ಒಣಗುವಾಗ ಬಿರಿಯುವುದೇಕೆ?

ಪ್ರಶ್ನೆ: ಅಕ್ಕಾರ, ಹೋದ ವರ್ಷ ಮಣ್ಣೆತ್ತಿನ ಅಮಾಸಿಗೆ ಹೊಲದ ಮಣ್ಣು ತಂದು ಮನ್ಯಾಗ ಎತ್ತು ಮಾಡಿದ್ವಿ. ಪೂಜಿ ಹೊತ್ತಿಗೆ ಒಂದರ ಕುತ್ತಿಗಿ ಸೀಳಿತ್ತು, ಇನ್ನೊಂದರ ಕಾಲು ಕೈಯಾಗ ಬಂತು. ಎಲ್ಲಿ ತಪ್ಪಿದ್ವಿ?
– ಯಲಬುರ್ಗಾ ಕಡೆಯ ಓದುಗರು

ಉತ್ತರ: ಹೊಲದ ಮಣ್ಣು ಅಂದಿರಲ್ಲ, ಗುಟ್ಟು ಅಲ್ಲೇ ಇದೆ. ನಿಮ್ಮದು ಎರೆ, ಅಂದರೆ ಕಪ್ಪು ಮಣ್ಣಿನ ಹೊಲವಾದರೆ ಬೇಸಿಗೆಯಲ್ಲಿ ಅದು ಅಂಗೈ ತೂರುವಷ್ಟು ಬಾಯಿ ಬಿಡುವುದನ್ನು ನೋಡಿಯೇ ಇರುತ್ತೀರಿ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗುತ್ತಾ ಕುಗ್ಗುತ್ತದೆ. ಹೊಲ ಬಿರಿದ ಹಾಗೆಯೇ ಎತ್ತಿನ ಕುತ್ತಿಗೆಯೂ ಬಿರಿಯುತ್ತದೆ.

ಹಾಗಂತ ಎರೆ ಬಿಡಬೇಡಿ, ಅದರಷ್ಟು ಚೆಂದ ಜಿಗುಟು ಬೇರೆ ಮಣ್ಣಿಗಿಲ್ಲ. ಒಣಗಿಸಿ, ಕುಟ್ಟಿ, ಜರಡಿ ಹಿಡಿಯಿರಿ. ಮೂರು ಬೊಗಸೆ ಎರೆಗೆ ಒಂದು ಬೊಗಸೆ ಹಳ್ಳದ ಸಣ್ಣ ಉಸುಕು, ಒಂದು ಹಿಡಿ ಒಣ ಸಗಣಿ ಪುಡಿ ಸೇರಿಸಿ. ಉಸುಕು ಕುಗ್ಗುವುದಿಲ್ಲ, ಸಗಣಿಯೊಳಗಿನ ನಾರು ಮಣ್ಣನ್ನು ಹಿಡಿದುಕೊಳ್ಳುತ್ತದೆ. ನಮ್ಮ ಕಿನ್ನಾಳದ ಚಿತ್ರಗಾರರೂ ಗೊಂಬೆಗೆ ಬಳಿಯುವ ಕಿಟ್ಟ ಎಂಬ ಲೇಪಕ್ಕೆ ಗೋಣಿನಾರಿನ ಪುಡಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸುತ್ತಾರೆ. ನೀರು ಮಾತ್ರ ಚಿಮುಕಿಸಿದಷ್ಟೇ ಸಾಕು. ರಾತ್ರಿ ಹಸಿ ಬಟ್ಟೆ ಮುಚ್ಚಿಟ್ಟು, ಬೆಳಿಗ್ಗೆ ಬೆರಳಿಗೆ ಅಂಟದ ಹಾಗೆ ಚೆನ್ನಾಗಿ ನಾದಿ.

ಕಾಲು ಬೇರೆ ಮಾಡಿ ಅಂಟಿಸಿದ್ದಿರಬೇಕು ನೀವು. ಒಂದೇ ಮುದ್ದೆಯಿಂದ ಹೊಟ್ಟೆ, ಕಾಲು, ಹಿಣಿಲು ಎಳೆದು ತೆಗೆಯಿರಿ. ಕಾಲು ಮೋಟಾಗಿದ್ದರೂ ನಡೆದೀತು, ಉಳುವ ಎತ್ತೇನಲ್ಲವಲ್ಲ! ನಾನೊಮ್ಮೆ ಗಟ್ಟಿಯಾಗಲೆಂದು ಬೆನ್ನುದ್ದಕ್ಕೂ ಕಸಬರಿಗೆ ಕಡ್ಡಿ ಸೇರಿಸಿದ್ದೆ. ಮಣ್ಣು ಕುಗ್ಗಿತು, ಕಡ್ಡಿ ಕುಗ್ಗಲಿಲ್ಲ, ಎತ್ತಿನ ಹೊಟ್ಟೆ ಉದ್ದಕ್ಕೂ ಸೀಳಿತು. ಕಡ್ಡಿ ಬೇಕಿದ್ದರೆ ಕೋಡಿಗಷ್ಟೇ ಇಡಿ. ಕಣ್ಣಿಗೆ ಮಣ್ಣು ಹಸಿ ಇದ್ದಾಗಲೇ ಬಿಳಿ ಕುಸುಬಿ ಕಾಳು ಒತ್ತಿಬಿಡಿ.

ಒಣಗಿಸುವಾಗ ಅವಸರ ಬೇಡ. ಕಾರಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಈ ಅಮಾವಾಸ್ಯೆ. ಆ ದಿನಗಳಲ್ಲಿ ನಮ್ಮ ಕಡೆ ಗಾಳಿ ಎಷ್ಟು ಜೋರೆಂದು ಗೊತ್ತೇ ಇದೆ. ಗಾಳಿ ಬಡಿದ ಮಗ್ಗುಲು ಮೊದಲು ಒಣಗಿ ಜಗ್ಗುತ್ತದೆ, ಇನ್ನೊಂದು ಮಗ್ಗುಲು ಹಸಿಯೇ ಇರುತ್ತದೆ. ಮೂರು ದಿನ ಮೊದಲೇ ಮಾಡಿ, ಕೋಣೆಯ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟು ದಿನಕ್ಕೊಮ್ಮೆ ಮಗ್ಗುಲು ಬದಲಿಸಿ. ಕೂದಲೆಳೆಯ ಬಿರುಕು ಕಂಡರೆ ಅದೇ ಮಣ್ಣಿನ ತೆಳು ರಾಡಿ ಬೆರಳಲ್ಲಿ ಸವರಿ.

ಒಣಗಿದ ಮೇಲೆ ಸುಣ್ಣ, ಅರಿಷಿಣ, ಕುಂಕುಮ. ಹಳೆಯ ಸೀರೆಯ ಅಂಚು ಕತ್ತರಿಸಿದರೆ ಜೂಲ ಆಯಿತು. ಎಣ್ಣೆ ಬಣ್ಣ ಬಳಿದರೆ ಪೂಜೆ ಮುಗಿಸಿ ನೀರಿಗೆ ಬಿಟ್ಟಾಗ ಎತ್ತು ಕರಗುವುದಿಲ್ಲ, ಬೇಡ. ಎತ್ತಿನ ಮುಂದೆ ಗೋದಲಿ, ಅಂದರೆ ಮೇವಿನ ತೊಟ್ಟಿ ಮಾಡುವುದನ್ನು ಮರೆಯಬೇಡಿ.

ಅಂದಹಾಗೆ, ನೈವೇದ್ಯದ ಕಡುಬು ಎಣ್ಣೆಯಲ್ಲಿ ಬಾಯಿ ಬಿಡುವುದೂ ಹೆಚ್ಚು ಕಡಿಮೆ ನೀರಿನ ಕಥೆಯೇ. ಬೇಳೆಯ ಕಟ್ಟು ಪೂರ್ತಿ ಬಸಿಯಿರಿ, ಅದು ಸಾರಿಗಾಯಿತು. ಬೆಲ್ಲ ಹಾಕಿದ ಮೇಲೆ ಸೌಟು ನೆಟ್ಟಗೆ ನಿಲ್ಲುವ ತನಕ ಹೂರಣ ಬಾಡಿಸಿ. ಹಸಿ ಉಳಿದರೆ ಒಳಗೇ ಉಗಿಯಾಗಿ ಅಂಚು ಒಡೆಯುತ್ತದೆ.

ಇಷ್ಟಾಗಿಯೂ ಒಂದರ ಕಾಲು ಮುರಿದರೆ ಎಸೆಯಬೇಡಿ. ಮರುದಿನ ಓಣಿಯ ಹುಡುಗರು ಕುಂಟೆತ್ತು ಹಿಡಿದು ಮನೆಮನೆಗೆ ಜೋಳ ಕೇಳಲು ಹೊರಡುತ್ತಾರಲ್ಲ, ಅವರಿಗೆ ಕೊಡಿ.