ಎದುರಾಳಿಯಾಗಿ ಬಂದ ಗಣಕ: ಯುದ್ಧದ ಆಟಗಳು ಮೇಜಿನಿಂದ ಪರದೆಗೆ ಏರಿದ ಕಥೆ

ಹಿಂದಿನ ಯುದ್ಧಗಳನ್ನು ಮೇಜಿನ ಮೇಲೆ ಹರಡಿಕೊಂಡು ಮತ್ತೆ ಆಡುವ ಹವ್ಯಾಸ ಅಮೆರಿಕದಲ್ಲಿ ಬೇರುಬಿಟ್ಟದ್ದು ಗಣಕಗಳು ಮನೆಗೆ ಬರುವುದಕ್ಕೆ ಬಹಳ ಮೊದಲೇ. ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ ‘ಟ್ಯಾಕ್ಟಿಕ್ಸ್’ ಆಟವನ್ನು ಮಾರಾಟಕ್ಕಿಟ್ಟರು; ಮುಂದೆ ಅವಲಾನ್ ಹಿಲ್ ಸಂಸ್ಥೆಯನ್ನು ಕಟ್ಟಿದರು. ಆರು ಮೂಲೆಯ ಮನೆಗಳಿರುವ ನಕ್ಷೆ, ರಟ್ಟಿನ ಕಾಯಿಗಳು, ದಾಳ, ದಪ್ಪನೆಯ ನಿಯಮಪುಸ್ತಕ ಇವೇ ಮುಂದೆ ಈ ಹವ್ಯಾಸದ ಸಾಮಗ್ರಿಯಾದವು. ಆದರೆ ಗಂಟೆಗಟ್ಟಲೆ ಎದುರು ಕೂರುವ ಇನ್ನೊಬ್ಬ ಆಟಗಾರ ಸಿಗುವುದೇ ಕಷ್ಟವಾಗಿತ್ತು. ಸಿಕ್ಕರೂ, ಶತ್ರುವಿನ ಕಾಯಿಗಳೆಲ್ಲ ಕಣ್ಣೆದುರೇ ಇರುತ್ತಿದ್ದವು. ಯಾವ ಸೇನಾಪತಿಗೂ ಇಲ್ಲದ ಅನುಕೂಲವದು.

ಈ ಎರಡು ಕೊರತೆಗಳನ್ನು ನೀಗಿಸುವ ದಾರಿ ಗಣಕದಲ್ಲಿದೆ ಎಂದು ಕಂಡುಕೊಂಡವರಲ್ಲಿ ಆಟಗಳ ವಿನ್ಯಾಸಕ ಕ್ರಿಸ್ ಕ್ರಾಫರ್ಡ್ ಮುಖ್ಯರು. 1978ರಲ್ಲಿ ಕಮೊಡೋರ್ ಪೆಟ್ ಎಂಬ ಗಣಕಕ್ಕಾಗಿ ಅವರು ತಾವೇ ಮಾರಿದ ‘ಟ್ಯಾಂಕ್ಟಿಕ್ಸ್’ ಟ್ಯಾಂಕ್ ಕಾಳಗದ ಆಟ. ಅದರಲ್ಲಿ ಪರದೆಯ ಮೇಲೆ ನಕ್ಷೆಯೇ ಇರಲಿಲ್ಲ. ಗಣಕ ಬರಿಯ ಅಕ್ಷರಗಳಲ್ಲಿ ಸ್ಥಾನ ತಿಳಿಸುತ್ತಿತ್ತು, ಆಟಗಾರ ಪಕ್ಕದಲ್ಲಿ ಹಾಸಿದ ನಕ್ಷೆಯ ಮೇಲೆ ಕಾಯಿ ಸರಿಸಬೇಕಾಗಿತ್ತು. 1980ರಲ್ಲಿ ಜೋಯೆಲ್ ಬಿಲ್ಲಿಂಗ್ಸ್ ಅವರ ಸ್ಟ್ರಾಟೆಜಿಕ್ ಸಿಮ್ಯುಲೇಷನ್ಸ್ ಸಂಸ್ಥೆ ಆಪಲ್ 2 ಗಣಕಕ್ಕೆ ‘ಕಂಪ್ಯೂಟರ್ ಬಿಸ್ಮಾರ್ಕ್’ ತಂದಿತು. ಬ್ರಿಟಿಷ್ ನೌಕಾಪಡೆ ಆಟಗಾರನ ಪಾಲಿಗೆ, ಜರ್ಮನ್ ಯುದ್ಧನೌಕೆ ಗಣಕದ ಪಾಲಿಗೆ. ಹಡಗು ಕಡಲಿನಲ್ಲಿ ಎಲ್ಲಿದೆಯೆಂದು ಗಣಕಕ್ಕೆ ಮಾತ್ರ ಗೊತ್ತು, ಹುಡುಕುವ ಕೆಲಸ ನಮ್ಮದು. ಮೇಜಿನ ಆಟ ಕೊಡಲಾಗದ ಅನಿಶ್ಚಿತತೆ ಇಲ್ಲಿ ಸಲೀಸಾಗಿ ಬಂದಿತ್ತು. ಅದೇ ವರ್ಷ ಅವಲಾನ್ ಹಿಲ್ ಕೂಡ ಗಣಕದ ಆಟಗಳಿಗೆ ಇಳಿಯಿತು.

ಆದರೂ ಇವೆಲ್ಲ ಹಲಗೆಯ ಆಟದ ನೆರಳಿನಲ್ಲೇ ಇದ್ದವು. ಆಟಗಾರ ತನ್ನ ಸರದಿ ಮುಗಿಸಿ, ಗಣಕ ಯೋಚಿಸಿ ಮುಗಿಸುವವರೆಗೆ ಕಾಯಬೇಕು. ಆ ಕಟ್ಟನ್ನು ಮುರಿದದ್ದು 1981ರ ‘ಈಸ್ಟರ್ನ್ ಫ್ರಂಟ್ (1941)’. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ರಷ್ಯಾದ ಮೇಲೆ ನಡೆಸಿದ ದಾಳಿಯ ಆಟವಿದು; ಜರ್ಮನ್ ಸೇನೆ ಆಟಗಾರನ ಪಾಲಿಗೆ, ರಷ್ಯನ್ ಸೇನೆ ಗಣಕದ ಪಾಲಿಗೆ. ಆಗ ಗಣಕ ಮತ್ತು ವಿಡಿಯೊ ಆಟಗಳ ಸಂಸ್ಥೆಯಾದ ಅಟಾರಿಯ ಉದ್ಯೋಗಿಯಾಗಿದ್ದ ಕ್ರಾಫರ್ಡ್ ಅದನ್ನು ಬಿಡುವಿನ ವೇಳೆಯಲ್ಲಿ ಬರೆದರು. ಬಳಕೆದಾರರು ಬರೆದ ತಂತ್ರಾಂಶಗಳನ್ನು ಮಾರುತ್ತಿದ್ದ ಅಟಾರಿ ಪ್ರೋಗ್ರಾಂ ಎಕ್ಸ್‌ಚೇಂಜ್ ಮೂಲಕ ಅದು ಹೊರಬಂತು. ಮೂಲ ಆವೃತ್ತಿಗೆ ಬೇಕಿದ್ದದ್ದು ಕೇವಲ 16 ಕಿಲೋಬೈಟ್ ಸ್ಮೃತಿ. ಅಷ್ಟರಲ್ಲಿ ಪರದೆಗಿಂತ ಎಷ್ಟೋ ದೊಡ್ಡದಾದ, ಜಾಯ್‌ಸ್ಟಿಕ್ ತಳ್ಳಿದತ್ತ ನುಣುಪಾಗಿ ಸರಿಯುವ ರಷ್ಯಾದ ನಕ್ಷೆ ಹಿಡಿಸಿತ್ತು.

ಇದು ಸಾಧ್ಯವಾದ ಬಗೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಟಿವಿ ಪರದೆಯ ಚಿತ್ರ ಸೆಕೆಂಡಿಗೆ 60 ಬಾರಿ ಹೊಸದಾಗಿ ಮೂಡುತ್ತಿತ್ತು. ಒಂದು ಚಿತ್ರ ಮುಗಿದು ಮುಂದಿನದು ಶುರುವಾಗುವ ಕಿರುಬಿಡುವಿನಲ್ಲಿ ಜಾಯ್‌ಸ್ಟಿಕ್ ಓದುವುದು, ನಕ್ಷೆ ಸರಿಸುವುದು, ಆಜ್ಞೆ ಪಡೆಯುವುದು ನಡೆಯುತ್ತಿತ್ತು. ಉಳಿದ ಸಮಯವೆಲ್ಲ ರಷ್ಯನ್ ಸೇನೆಯ ಚಿಂತನೆಗೆ ಮೀಸಲು. ನೀವು ಯೋಚಿಸುತ್ತಾ ಕುಳಿತಷ್ಟೂ ಗಣಕದ ಯೋಜನೆ ಹದವಾಗುತ್ತಿತ್ತು. ಆಟಗಾರನ ಹಿಂಜರಿಕೆಗೂ ಬೆಲೆ ಕಟ್ಟಿದ ಈ ಏರ್ಪಾಡು, ನನ್ನ ದೃಷ್ಟಿಯಲ್ಲಿ, ಆ ದಶಕದ ಅತ್ಯಂತ ಸೊಗಸಾದ ತಾಂತ್ರಿಕ ನಿರ್ಧಾರ. ಕೊನೆಗೆ ಆಜ್ಞೆಗಳನ್ನು ಜಾರಿಗೊಳಿಸಿದಾಗ ಎರಡೂ ಸೇನೆಗಳು ಒಟ್ಟಿಗೇ ಚಲಿಸುತ್ತಿದ್ದವು. ಅಕ್ಟೋಬರಿನಲ್ಲಿ ನೆಲ ಕೆಸರಾಗುತ್ತಿತ್ತು, ಚಳಿಗಾಲದಲ್ಲಿ ನಕ್ಷೆಯ ಬಣ್ಣ ಬದಲಾಗಿ ನದಿಗಳು ಹೆಪ್ಪುಗಟ್ಟುತ್ತಿದ್ದವು. ಸರಬರಾಜಿನ ದಾರಿ ಕಡಿದುಹೋದ ಪಡೆಯ ಬಲ ಸಟ್ಟನೆ ಕುಸಿಯುತ್ತಿತ್ತು.

ಇಂಥ ಒಣ ವಿಷಯವನ್ನು ಕೊಳ್ಳುವವರಿಲ್ಲ ಎಂಬ ಊಹೆ ಸುಳ್ಳಾಯಿತು. ಆಟ ಚೆನ್ನಾಗಿ ಮಾರಾಟವಾಯಿತು. ಮೂಲ ಕೋಡ್, ಅಂದರೆ ಆಟವನ್ನು ರಚಿಸಿದ ತಂತ್ರಾಂಶದ ಬರಹ ಕೂಡ ಮಾರಾಟಕ್ಕೆ ಬಂದದ್ದರಿಂದ ಇತರರು ಅದನ್ನು ಬಿಚ್ಚಿ ಕಲಿಯಲು ಸಾಧ್ಯವಾಯಿತು. 1982ರ ‘ಲೀಜನೇರ್’ನಲ್ಲಿ ಕ್ರಾಫರ್ಡ್ ಸರದಿಯನ್ನೇ ಕೈಬಿಟ್ಟರು: ರೋಮನ್ ದಳಗಳಿಗೆ ಆಜ್ಞೆ ಕೊಡುತ್ತಿರುವಾಗಲೇ ಶತ್ರು ನಡೆದು ಬರುತ್ತಿದ್ದ.